ತೆರಿಗೆಯ ಲೆಕ್ಕ, ಶಾಲೆಯ ಹಕ್ಕು

ಅಮೆರಿಕದಲ್ಲಿ ಸರಕಾರಿ ಶಾಲೆಗಳನ್ನು ನಡೆಸುವುದು ‘ಶಾಲಾ ಜಿಲ್ಲೆ’ ಎಂಬ ಸ್ಥಳೀಯ ಘಟಕ. ಅದು ನಮ್ಮ ಕಂದಾಯ ಜಿಲ್ಲೆಯಂತಲ್ಲ. ಒಂದು ಸಣ್ಣ ಊರು ಮತ್ತು ಸುತ್ತಲಿನ ಹೊಲಗಳಷ್ಟೇ ಅದರ ವ್ಯಾಪ್ತಿಯಾಗಿರಬಹುದು. ಆಡಳಿತ ಸ್ಥಳೀಯ ಮಂಡಳಿಯದು. ಆಸ್ತಿ ತೆರಿಗೆ ಮತ್ತು ರಾಜ್ಯದ ಅನುದಾನ ಮುಖ್ಯ ಆದಾಯ. ಊರಿನ ಶಾಲೆ ಊರವರ ಕೈಯಲ್ಲಿ ಎಂಬುದು ಒಳ್ಳೆಯ ಏರ್ಪಾಡೇ. ಆದರೆ ಊರವರೆಂದರೆ ಯಾರು?

ದಕ್ಷಿಣ ಕೆರೊಲಿನಾದ ಕ್ಲಾರೆಂಡನ್ ಕೌಂಟಿಯ ಚರಿತ್ರೆಯಲ್ಲಿ ಇದಕ್ಕೆ ಉತ್ತರವಿದೆ. 1940ರ ದಶಕದಲ್ಲಿ ಅಲ್ಲಿ ಬಿಳಿಯರ ಮಕ್ಕಳಿಗೆ 30 ಬಸ್ಸುಗಳಿದ್ದವು. ಕಪ್ಪು ಜನರ ಮಕ್ಕಳಿಗೆ ಒಂದೂ ಇರಲಿಲ್ಲ. 1949-50ರಲ್ಲಿ ಬಿಳಿಯ ವಿದ್ಯಾರ್ಥಿಗೆ 179 ಡಾಲರ್, ಕಪ್ಪು ವಿದ್ಯಾರ್ಥಿಗೆ 43 ಡಾಲರ್ ಖರ್ಚಾಗುತ್ತಿತ್ತು. ಹೆತ್ತವರೇ ಹಳೆಯ ಬಸ್ಸೊಂದನ್ನು ಕೊಂಡರು. ಅದರ ಇಂಧನಕ್ಕೂ ಆಡಳಿತ ಹಣ ಕೊಡಲಿಲ್ಲ. ರೈತ ಲೆವಿ ಪಿಯರ್ಸನ್ ನ್ಯಾಯಾಲಯದ ಮೆಟ್ಟಿಲೇರಿದರು. ಅವರು ತೆರಿಗೆ ಕಟ್ಟುವುದು ಬೇರೆ ಶಾಲಾ ಜಿಲ್ಲೆಯಲ್ಲಿ ಎಂಬ ಕಾರಣಕ್ಕೆ 1948ರಲ್ಲಿ ಮೊಕದ್ದಮೆ ವಜಾ ಆಯಿತು.

ಮುಂದೆ ಹ್ಯಾರಿ ಬ್ರಿಗ್ಸ್ ಮೊದಲಾದವರು ಮಂಡಳಿಯ ಅಧ್ಯಕ್ಷ ಎಲಿಯಟ್ ವಿರುದ್ಧ ದಾವೆ ಹೂಡಿದರು. ಬ್ರಿಗ್ಸ್ ದಂಪತಿ ಕೆಲಸ ಕಳೆದುಕೊಂಡರು. 1951ರಲ್ಲಿ ರಾಜ್ಯವು ಶೇ. 3 ಮಾರಾಟ ತೆರಿಗೆ ವಿಧಿಸಿ ಕಪ್ಪು ಮಕ್ಕಳ ಶಾಲೆಗಳನ್ನು ಸುಧಾರಿಸಲು ಹೊರಟಿತು. ಕಟ್ಟಡ ಕೊಟ್ಟಾದರೂ ಪ್ರತ್ಯೇಕತೆಯನ್ನು ಉಳಿಸಿಕೊಳ್ಳುವುದು ಅದರ ಉದ್ದೇಶವಾಗಿತ್ತು. 1954ರಲ್ಲಿ ಬ್ರೌನ್ ಪ್ರಕರಣದ ಜೊತೆ ಇದನ್ನೂ ವಿಚಾರಿಸಿದ ಸುಪ್ರೀಂ ಕೋರ್ಟು, ಸರಕಾರಿ ಶಾಲೆಗಳಲ್ಲಿ ವರ್ಣದ ಆಧಾರದ ಪ್ರತ್ಯೇಕತೆ ಸಂವಿಧಾನಬಾಹಿರವೆಂದು ತೀರ್ಪಿತ್ತಿತು.

ಸ್ಥಳೀಯ ಆಡಳಿತವನ್ನು ಮೆಚ್ಚುವ ನಾವು ಒಂದು ಸಂಗತಿಯನ್ನು ಮರೆಯಬಾರದು: ತೀರ್ಮಾನಿಸುವ ಮಂಡಳಿಯಲ್ಲಿ ಯಾರಿಗೆ ದನಿಯಿಲ್ಲವೋ ಅವರ ಮಕ್ಕಳು ನಡೆದೇ ಶಾಲೆಗೆ ಹೋಗಬೇಕಾಗುತ್ತದೆ.