ಅಂಕಿತವಿಲ್ಲದ ಹಾಡುಗಳು

ಅಮೆರಿಕದ ಬ್ರಿಸ್ಟಲ್ ಎಂಬ ಊರಿನ ಮುಖ್ಯ ಬೀದಿಯ ನಡುಮಧ್ಯೆ ಎರಡು ರಾಜ್ಯಗಳ ಗಡಿ ಹಾದುಹೋಗುತ್ತದೆ. ಬೀದಿಯ ಒಂದು ಮಗ್ಗುಲಿನ ಅಂಗಡಿಗಳು ವರ್ಜೀನಿಯಾಕ್ಕೆ ಸೇರಿದರೆ ಎದುರು ಮಗ್ಗುಲಿನವು ಟೆನೆಸೀಗೆ ಸೇರುತ್ತವೆ. 1927ರ ಜುಲೈ ತಿಂಗಳ ಕೊನೆಯಲ್ಲಿ ಟೆನೆಸೀ ಮಗ್ಗುಲಿನ ಕಟ್ಟಡವೊಂದಕ್ಕೆ ಪೇಟೆಯಿಂದ ಕೆಲವರು ಬಂದಿಳಿದರು. ಅದು ಟೋಪಿ ಕಂಪೆನಿಯೊಂದರ ಕಟ್ಟಡ. ಬಂದವರು ಗೋಡೆಗಳಿಗೆ ಕಂಬಳಿಗಳನ್ನು ತೂಗುಹಾಕಿ, ಸದ್ದು ಮಾರ್ದನಿಸದಂತೆ ಮಾಡಿಕೊಂಡು, ಮೈಕು ಮತ್ತು ಧ್ವನಿಮುದ್ರಣದ ಯಂತ್ರಗಳನ್ನು ಹೂಡಿದರು. ಅವರು ವಿಕ್ಟರ್ ಗ್ರಾಮಫೋನ್ ಕಂಪೆನಿಯವರು. ಮುಂದಾಳು ರಾಲ್ಫ್ ಪೀರ್ ಎಂಬಾತ. ಜುಲೈ 25ರಿಂದ ಆಗಸ್ಟ್ 5ರವರೆಗೆ ಸುತ್ತಲಿನ ಅಪಲೇಚಿಯನ್ ಬೆಟ್ಟಸಾಲಿನ ಊರುಗಳಿಂದ ಬಂದ 19 ತಂಡಗಳು ಅಲ್ಲಿ ಹಾಡಿದವು, ನುಡಿಸಿದವು. ಒಟ್ಟು 76 ಹಾಡುಗಳು ಮುದ್ರಣಗೊಂಡವು.

ಜಗತ್ತಿನಾದ್ಯಂತ 'ಕಂಟ್ರಿ ಸಂಗೀತ' ಎಂದು ಹೆಸರಾಗಿರುವ ಅಮೆರಿಕದ ಹಳ್ಳಿಗಾಡಿನ ಸಂಗೀತಕ್ಕೆ ಈ ಎರಡು ವಾರಗಳೇ ಹುಟ್ಟುಹಬ್ಬ ಎಂದು ಅಲ್ಲಿನವರು ಭಾವಿಸುತ್ತಾರೆ. 1998ರಲ್ಲಿ ಅಮೆರಿಕದ ಸಂಸತ್ತೇ ಬ್ರಿಸ್ಟಲ್ಲನ್ನು ಈ ಸಂಗೀತದ ಜನ್ಮಸ್ಥಳವೆಂದು ಮನ್ನಿಸಿತು. 2014ರಲ್ಲಿ ಅಲ್ಲೊಂದು ವಸ್ತು ಸಂಗ್ರಹಾಲಯವೂ ತೆರೆಯಿತು. ಆದರೆ ಅಂದು ಹಾಡಿದ ಹಾಡುಗಳಲ್ಲಿ ಬಹಳಷ್ಟು ಅಲ್ಲಿ ಹುಟ್ಟಿದವಲ್ಲ, ಅಂದು ಹುಟ್ಟಿದವೂ ಅಲ್ಲ. ಹಾಗಾದರೆ ಅವುಗಳ ಮೂಲ ಎಲ್ಲಿಯದು? ಕಟ್ಟಿದವರು ಯಾರು? ಪ್ಲೇಟುಗಳ ಮೇಲೆ ಅಚ್ಚಾದ ಹೆಸರುಗಳು ಯಾರವು? ಈ ಮೂರು ಪ್ರಶ್ನೆಗಳಿಗೂ ಬೇರೆ ಬೇರೆ ಉತ್ತರಗಳಿವೆ ಎಂಬುದೇ ಈ ಸಂಗೀತದ ಚರಿತ್ರೆಯ ಸ್ವಾರಸ್ಯ. ಅದರ ನೋವೂ ಅದೇ.

ಹಳೆಯ ಹಾಡು, ಹೊಸ ಕಾಸು

ಬೆಟ್ಟದ ಹಾಡುಗಳಿಗೆ ಗಿರಾಕಿಗಳುಂಟು ಎಂಬುದು ಕಂಪೆನಿಗಳಿಗೆ ಮೊದಲು ತಿಳಿದದ್ದು 1923ರಲ್ಲಿ. ಆಗ ಬೇರೆ ಕಂಪೆನಿಯಲ್ಲಿದ್ದ ಇದೇ ಪೀರ್, ಅಟ್ಲಾಂಟಾ ನಗರದಲ್ಲಿ ಜಾನ್ ಕಾರ್ಸನ್ ಎಂಬ ಪಿಟೀಲುವಾದಕನ ಹಾಡನ್ನು ಮುದ್ರಿಸಿಕೊಂಡ. ಅವನ ಗಾಯನ ಪೀರ್‌ನಿಗೆ ಒಂದಿಷ್ಟೂ ಹಿಡಿಸಲಿಲ್ಲ. ಸ್ಥಳೀಯ ವ್ಯಾಪಾರಿಯೊಬ್ಬ ಕೇಳಿದನೆಂದು 500 ಪ್ಲೇಟುಗಳನ್ನು ಮಾತ್ರ ತಯಾರಿಸಿದರು. ಅವು ನೋಡನೋಡುತ್ತಿದ್ದಂತೆ ಮಾರಾಟವಾಗಿಹೋದವು.

ಕಾರ್ಸನ್ ಹಾಡಿದ್ದು ಹಳ್ಳಿಯ ಜೋಪಡಿಯೊಂದನ್ನು ನೆನೆಯುವ ಹಾಡು. ಕೇಳಿದವರು ಅದನ್ನು ಅಜ್ಜ ಮುತ್ತಜ್ಜಂದಿರ ಕಾಲದ ಬೆಟ್ಟದ ಪದ ಎಂದುಕೊಂಡರು. ವಾಸ್ತವದಲ್ಲಿ ಅದನ್ನು 1871ರಲ್ಲಿ ವಿಲ್ ಹೇಸ್ ಎಂಬ ಕವಿ ನಗರದ ರಂಗಮಂದಿರಗಳಿಗಾಗಿ ಬರೆದಿದ್ದ. ಬಿಳಿಯ ನಟರು ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರನ್ನು ಅಣಕಿಸುತ್ತಿದ್ದ ರಂಗಪ್ರದರ್ಶನಗಳ ಕಾಲ ಅದು. ಅಂಥ ಹಾಡು ಐವತ್ತು ವರ್ಷಗಳಲ್ಲಿ ಬಾಯಿಂದ ಬಾಯಿಗೆ ದಾಟಿ, ಬರೆದವನ ಹೆಸರು ಅಳಿಸಿ, 'ಹಳೆಯ ಹಾಡು' ಆಗಿಬಿಟ್ಟಿತ್ತು.

ಬ್ರಿಸ್ಟಲ್ಲಿಗೆ ಬರುವ ಹೊತ್ತಿಗೆ ಪೀರ್ ಇದರ ಲೆಕ್ಕಾಚಾರವನ್ನು ಚೆನ್ನಾಗಿ ಅರಿತಿದ್ದ. ಅಮೆರಿಕದ 1909ರ ಕೃತಿಸ್ವಾಮ್ಯ ಕಾನೂನಿನ ಪ್ರಕಾರ, ಮಾರಾಟವಾದ ಪ್ರತಿ ಪ್ಲೇಟಿನ ಒಂದೊಂದು ಮಗ್ಗುಲಿನ ಹಾಡಿಗೂ ಅದರ ಹಕ್ಕುದಾರನಿಗೆ ಎರಡು ಸೆಂಟು ಸಲ್ಲಬೇಕು. ಪೀರ್ ವಿಕ್ಟರ್ ಕಂಪೆನಿಯಿಂದ ಸಂಬಳಕ್ಕೆ ಬದಲಾಗಿ ಈ ಹಕ್ಕುಗಳ ಆದಾಯವನ್ನೇ ನೆಚ್ಚಿಕೊಂಡಿದ್ದ. ಹಾಡಿದವರಿಗೆ ಹಾಡೊಂದಕ್ಕೆ 50 ಡಾಲರು ಕೊಟ್ಟು, ಮುಂದಿನ ಆದಾಯದಲ್ಲಿ ಸ್ವಲ್ಪ ಪಾಲನ್ನೂ ಕೊಡುತ್ತಿದ್ದ. ಬಡ ಬೆಟ್ಟದ ಜನಕ್ಕೆ ಅದು ದೊಡ್ಡ ಮೊತ್ತವೇ. ಆದರೆ ಹಾಡು ಯಾರ ಸ್ವತ್ತೂ ಅಲ್ಲದ ಹಳೆಯದಾದರೆ ಅದರಿಂದ ಹಕ್ಕಿನ ಕಾಸು ಹುಟ್ಟುವುದಿಲ್ಲ. ಆದ್ದರಿಂದ ಪೀರ್‌ಗೆ ಬೇಕಾದದ್ದು ವಿಚಿತ್ರವಾದ ಸರಕು: ಕೇಳಲು ಹಳೆಯದರಂತಿರಬೇಕು, ದಾಖಲೆಯಲ್ಲಿ ಹೊಸದಾಗಿರಬೇಕು. ಹಳೆಯ ಹಾಡೇ ಆದರೂ ಸ್ವಲ್ಪ ತಿದ್ದಿ, ಸಾಲು ಬದಲಿಸಿ, ಒಬ್ಬರ ಹೆಸರಿನಲ್ಲಿ ನೋಂದಾಯಿಸುವಂತಿರಬೇಕು.

ಹಾಡು ಹುಡುಕಿ ಹೊರಟವರು

ಈ ಸರಕನ್ನು ಎಲ್ಲರಿಗಿಂತ ಚೆನ್ನಾಗಿ ಒದಗಿಸಿದವರು ಕಾರ್ಟರ್ ಕುಟುಂಬದವರು. ಎ.ಪಿ. ಕಾರ್ಟರ್ ವರ್ಜೀನಿಯಾದ ಕ್ಲಿಂಚ್ ಬೆಟ್ಟದ ತಪ್ಪಲಿನವನು. ಹಣ್ಣಿನ ಸಸಿಗಳನ್ನು ಊರೂರಿಗೆ ಹೊತ್ತು ಮಾರುತ್ತಿದ್ದ. ಅವನ ಹೆಂಡತಿ ಸಾರಾ ಗಟ್ಟಿ ಕಂಠದ ಹಾಡುಗಾರ್ತಿ. ಮೂರನೆಯವಳು ಮೇಬೆಲ್. ಸಾರಾಳಿಗೆ ತಂಗಿಯ ವರಸೆ, ಎ.ಪಿ.ಯ ತಮ್ಮನನ್ನು ಮದುವೆಯಾಗಿದ್ದರಿಂದ ವಾರಗಿತ್ತಿಯೂ ಹೌದು. ಆಗ ಅವಳಿಗೆ ಹದಿನೆಂಟು ವರ್ಷ, ತುಂಬು ಬಸುರಿ. ಸಾರಾಳ ಕಂಕುಳಲ್ಲಿ ಹಾಲು ಕುಡಿಯುವ ಕೂಸು. ಜೋಳದ ಹೊಲದ ಕಳೆ ಕಿತ್ತುಕೊಡುವ ಮಾತಿನ ಮೇಲೆ ತಮ್ಮನ ಕಾರನ್ನು ಎರವಲು ಪಡೆದು, ದಾರಿಯಲ್ಲಿ ಟೈರು ಪಂಕ್ಚರಾಗಿ, ಇವರು ಬ್ರಿಸ್ಟಲ್ ತಲುಪಿದರು. ಆಗಸ್ಟ್ 1 ಮತ್ತು 2ರಂದು ಆರು ಹಾಡುಗಳನ್ನು ಕೊಟ್ಟರು. ಸಾರಾಳ ದನಿ ಕೇಳಿದೊಡನೆಯೇ ಪೀರ್‌ಗೆ ಅವರ ಬೆಲೆ ತಿಳಿಯಿತು. ಮೇಬೆಲ್ ಗಿಟಾರಿನ ದಪ್ಪ ತಂತಿಗಳ ಮೇಲೆ ಹೆಬ್ಬೆರಳಿನಿಂದ ರಾಗವನ್ನು ನುಡಿಸುತ್ತ, ಉಳಿದ ಬೆರಳುಗಳಿಂದ ತಾಳವನ್ನು ತುಂಬುತ್ತಿದ್ದಳು. ಈ ಕ್ರಮವನ್ನು ಮುಂದೆ ಸಾವಿರಾರು ಮಂದಿ ಅನುಸರಿಸಿದರು.

ಪ್ಲೇಟುಗಳು ಖರ್ಚಾದವು, ಇನ್ನಷ್ಟು ಹಾಡುಗಳು ಬೇಕಾದವು. ಸಸಿ ಮಾರುವವನು ಈಗ ಹಾಡು ಹುಡುಕಿಕೊಂಡು ಬೆಟ್ಟ ಸುತ್ತತೊಡಗಿದ. ಗಣಿ ಕಾರ್ಮಿಕರ ಕೇರಿ, ಮುದುಕಿಯರ ಅಡುಗೆಮನೆ, ಚರ್ಚಿನ ಜಗಲಿ, ಎಲ್ಲಿ ಹಾಡು ಕೇಳಿದರೂ ಸಾಲುಗಳನ್ನು ಬರೆದುಕೊಂಡ. ಆದರೆ ಅವನಿಗೊಂದು ಕೊರತೆಯಿತ್ತು. ರಾಗಗಳು ಅವನ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ.

ಆ ಕೊರತೆ ನೀಗಿಸಿದವನು ಲೆಸ್ಲಿ ರಿಡಲ್. ಕಪ್ಪು ಜನಾಂಗದ ಈ ಯುವಕ ಟೆನೆಸೀಯ ಕಿಂಗ್ಸ್‌ಪೋರ್ಟಿನಲ್ಲಿದ್ದ. ಸಿಮೆಂಟು ಕಾರ್ಖಾನೆಯ ಅಪಘಾತದಲ್ಲಿ ಒಂದು ಕಾಲು ಹೋಗಿತ್ತು. ಬಂದೂಕು ಸಿಡಿದು ಬಲಗೈಯ ಎರಡು ಬೆರಳುಗಳೂ ಹೋಗಿದ್ದವು. ಉಳಿದ ಬೆರಳುಗಳಲ್ಲೇ ಅವನು ಅದ್ಭುತವಾಗಿ ಗಿಟಾರು ನುಡಿಸುತ್ತಿದ್ದ. 1928ರ ಸುಮಾರಿಗೆ ಎ.ಪಿ. ಅವನನ್ನು ಕಂಡ. ಅಲ್ಲಿಂದ ಮುಂದೆ ಇಬ್ಬರೂ ಜೊತೆಯಾಗಿ ಊರೂರು ತಿರುಗಿದರು. ಎ.ಪಿ. ಸಾಲುಗಳನ್ನು ಬರೆದುಕೊಂಡರೆ ರಿಡಲ್ ರಾಗವನ್ನು ತಲೆಯಲ್ಲಿಟ್ಟುಕೊಂಡು ಬಂದು, ಮನೆಯಲ್ಲಿ ಸಾರಾ ಮತ್ತು ಮೇಬೆಲ್‌ಗೆ ದಾಟಿಸುತ್ತಿದ್ದ. ಬಿಳಿಯ ಹಾಡುಗಾರನಿಗೆ ಕಾಲಿಡಲು ಸುಲಭವಲ್ಲದ ಕೇರಿಗಳ ಮನೆಬಾಗಿಲುಗಳು ಅವನಿಂದಾಗಿ ತೆರೆದವು. ಕಾರ್ಟರ್ ಕುಟುಂಬ 1930ರಲ್ಲಿ ಮುದ್ರಿಸಿದ 'ಕ್ಯಾನನ್‌ಬಾಲ್' ಹಾಡು ಅವನಿಂದ ಬಂದದ್ದು. ಮೇಬೆಲ್‌ಳ ಬೆರಳುಗಾರಿಕೆಯ ಒಂದಂಶವೂ ಅವನನ್ನು ನೋಡಿ ಕಲಿತದ್ದು. ಹಾಡುಗಳು ಮಾತ್ರ ಎ.ಪಿ. ಕಾರ್ಟರ್ ಹೆಸರಿನಲ್ಲೇ ದಾಖಲಾದವು.

ಒಂದು ಹಾಡಿಗೆ ಎಷ್ಟು ಕೈಗಳು?

ಎ.ಪಿ.ಯನ್ನು ಕಳ್ಳನೆಂದು ಕರೆಯುವುದು ಅನ್ಯಾಯವಾದೀತು. ಅವನು ಹೋಗಿ ಕೂಡಿಸದಿದ್ದರೆ ಎಷ್ಟೋ ಹಾಡುಗಳು ಹಾಡುವವರೊಂದಿಗೇ ಮಣ್ಣಾಗುತ್ತಿದ್ದವು. ಜೊತೆಗೆ, ಅವನ ಕೈಗೆ ಬರುವ ಮುಂಚೆಯೇ ಅವು ಹಲವು ಕೈ ದಾಟಿದ್ದವು.

'ವೈಲ್ಡ್‌ವುಡ್ ಫ್ಲವರ್' ಎಂಬ ಹಾಡನ್ನೇ ನೋಡಬಹುದು. 1928ರಲ್ಲಿ ಮುದ್ರಿತವಾದ ಇದು ಕಾರ್ಟರ್ ಕುಟುಂಬದ ಗುರುತಿನ ಚೀಟಿಯೇ ಆಗಿಹೋಯಿತು. ಮೇಬೆಲ್ ಅದನ್ನು ಚಿಕ್ಕಂದಿನಲ್ಲಿ ತಾಯಿಯ ಬಾಯಿಂದ ಕಲಿತಿದ್ದಳು. ಮೂಲವನ್ನು ಹುಡುಕುತ್ತ ಹೋದರೆ ಸಿಗುವುದು 1860ರಲ್ಲಿ ಅಚ್ಚಾದ ನಗರದ ಹಾಡು. ಉತ್ತರದ ವಿಸ್ಕಾನ್ಸಿನ್ ರಾಜ್ಯದಲ್ಲಿ ನೆಲಸಿದ್ದ ಜೋಸೆಫ್ ವೆಬ್‌ಸ್ಟರ್ ಎಂಬ ಸಂಗೀತಗಾರ ಅದಕ್ಕೆ ರಾಗ ಹಾಕಿದ್ದ. ಸಿರಿವಂತರ ಮನೆಗಳ ದಿವಾನಖಾನೆಯಲ್ಲಿ ಪಿಯಾನೊ ಮುಂದೆ ಕುಳಿತು ಹಾಡಲು ಬರೆದದ್ದು. ಅದು ಬೆಟ್ಟ ಹತ್ತಿ ಮೂರು ತಲೆಮಾರು ಬಾಯಿಪಾಠವಾಗುವಷ್ಟರಲ್ಲಿ ಮೂಲದ ಹೂವುಗಳ ಹೆಸರುಗಳು ತಪ್ಪಾಗಿ ಕೇಳಿಸಿ, ಯಾವ ಸಸ್ಯಶಾಸ್ತ್ರದಲ್ಲೂ ಸಿಗದ ಹೂವೊಂದು ಹಾಡಿನೊಳಗೆ ಅರಳಿಬಿಟ್ಟಿತು. ಇಂದಿಗೂ ಹಾಡುಗಾರರು ಆ ಇಲ್ಲದ ಹೂವನ್ನೇ ಹಾಡುತ್ತಾರೆ.

ಚರ್ಚಿನಿಂದ ಬಂದವು ಇನ್ನೊಂದು ಬಗೆ. 1907ರಲ್ಲಿ ಇಂಗ್ಲೆಂಡಿನ ಏಡಾ ಹ್ಯಾಬರ್‌ಷನ್ ಬರೆದು, ಅಮೆರಿಕದ ಚಾರ್ಲ್ಸ್ ಗೇಬ್ರಿಯಲ್ ರಾಗ ಹಾಕಿದ ಭಕ್ತಿಗೀತೆಯೊಂದರ ಪಲ್ಲವಿಯನ್ನು ಉಳಿಸಿಕೊಂಡು, ನುಡಿಗಳಲ್ಲಿ ತಾಯಿಯ ಶವಯಾತ್ರೆಯ ಚಿತ್ರವನ್ನು ತುಂಬಿ, ಕಾರ್ಟರ್ ಕುಟುಂಬ 1935ರಲ್ಲಿ ಹಾಡಿತು. ಸತ್ತವರೂ ಇದ್ದವರೂ ಸೇರಿದ ಕುಟುಂಬದ ಬಳಗ ಮುರಿಯದೆ ಉಳಿದೀತೇ ಎಂದು ಕೇಳುವ ಆ ಹಾಡು ಈಗ ಕಂಟ್ರಿ ಸಂಗೀತದ ಮಂಗಳಗೀತೆಯಂತೆ ಸಭೆಗಳ ಕೊನೆಯಲ್ಲಿ ಮೊಳಗುತ್ತದೆ.

ಇವೆರಡಕ್ಕಿಂತ ಹಳೆಯವು ಸ್ಕಾಟ್ಲೆಂಡ್, ಇಂಗ್ಲೆಂಡುಗಳಿಂದ ವಲಸೆ ಬಂದವರ ಕಥನಗೀತೆಗಳು. 'ಬಾರ್ಬರಾ ಆಲನ್' ಎಂಬ ಪ್ರಣಯಗೀತೆಯನ್ನು ಲಂಡನ್ನಿನ ಸ್ಯಾಮ್ಯುಯೆಲ್ ಪೆಪಿಸ್ 1666ರ ಜನವರಿಯಲ್ಲೇ ಕೇಳಿ ಮೆಚ್ಚಿ ದಿನಚರಿಯಲ್ಲಿ ಬರೆದಿಟ್ಟಿದ್ದ. 1916ರಿಂದ 1918ರವರೆಗೆ ಅಪಲೇಚಿಯನ್ ಬೆಟ್ಟಗಳಲ್ಲಿ ಅಲೆದು ಸುಮಾರು 1,600 ಧಾಟಿಗಳನ್ನು ಬರೆದುಕೊಂಡ ಇಂಗ್ಲಿಷ್ ವಿದ್ವಾಂಸ ಸೆಸಿಲ್ ಶಾರ್ಪ್‌ಗೆ ಈ ಹಾಡು ಮತ್ತೆ ಮತ್ತೆ ಎದುರಾಯಿತು. ಶಾರ್ಪ್ ಹುಡುಕಿದ್ದು ತನ್ನ ನಾಡಿನ ಹಳೆಯ ಹಾಡುಗಳನ್ನು. ಅದೇ ಬೆಟ್ಟಗಳಲ್ಲಿದ್ದ ಕಪ್ಪು ಜನರ ಹಾಡಿಗಾಗಲಿ, ಬ್ಯಾಂಜೊ ವಾದನಕ್ಕಾಗಲಿ ಅವನು ಹೆಚ್ಚು ಕಿವಿಗೊಡಲಿಲ್ಲ.

ಬ್ಯಾಂಜೊ ಇಲ್ಲದ ಬೆಟ್ಟದ ಸಂಗೀತವನ್ನು ಊಹಿಸುವುದೇ ಕಷ್ಟ. ಆ ವಾದ್ಯದ ಬೇರು ಪಶ್ಚಿಮ ಆಫ್ರಿಕದಲ್ಲಿದೆ. ಗುಲಾಮರಾಗಿ ಹಡಗೇರಿದವರು ಸೋರೆಬುರುಡೆಗೆ ಚರ್ಮ ಬಿಗಿದು ಮಾಡುವ ತಂತಿವಾದ್ಯದ ನೆನಪನ್ನು ತಂದರು. ಬಿಳಿಯರು ಅವರಿಂದ ಕಲಿತರು. ಹೀಗೆ ಸ್ಕಾಟ್ಲೆಂಡಿನ ಕಥೆ, ನಗರದ ರಾಗ, ಚರ್ಚಿನ ಪಲ್ಲವಿ, ಆಫ್ರಿಕದ ವಾದ್ಯ ಒಂದೇ ಹೊಸ್ತಿಲಲ್ಲಿ ಕೂಡಿದ್ದವು. ಗ್ರಾಮಫೋನ್ ಕಂಪೆನಿಗಳು ಅವನ್ನು ಮತ್ತೆ ಬೇರ್ಪಡಿಸಿದವು. ಬಿಳಿಯರ ಪ್ಲೇಟುಗಳಿಗೆ ಒಂದು ಪಟ್ಟಿ, ಕಪ್ಪು ಜನರವಕ್ಕೆ ಇನ್ನೊಂದು ಪಟ್ಟಿ. ಬ್ರಿಸ್ಟಲ್ಲಿನಲ್ಲಿ ಎಲ್ ವಾಟ್ಸನ್ ಎಂಬ ಕಪ್ಪು ಜನಾಂಗದ ಹಾರ್ಮೋನಿಕಾ ವಾದಕನೂ ನುಡಿಸಿದ್ದ. ಜೊತೆಯಾಗಿ ಕಲಿತವರು ಅಂಗಡಿಯಲ್ಲಿ ಮಾತ್ರ ಬೇರೆ ಬೇರೆ ಕಪಾಟು ಸೇರಿದರು. ಈ ಸಂಗೀತ ಬಿಳಿಯರೊಬ್ಬರದೇ ಎಂಬ ಭಾವನೆ ಬೆಳೆಯಲು ಈ ವ್ಯಾಪಾರಿ ವಿಂಗಡಣೆ ದೊಡ್ಡ ಕಾರಣ.

ಕೋರ್ಟಿನ ಕಟ್ಟೆ ಹತ್ತಿದ ರೈಲು

ಹಾಡಿಗೊಬ್ಬ ಒಡೆಯನಿರಲೇಬೇಕೆಂಬ ಕಾನೂನು ಎಂಥ ತೊಡಕಿಗೆ ಸಿಲುಕೀತು ಎಂಬುದಕ್ಕೆ ಒಂದು ರೈಲಿನ ಹಾಡು ಸಾಕ್ಷಿ. 1903ರ ಸೆಪ್ಟೆಂಬರ್ 27ರಂದು ವರ್ಜೀನಿಯಾದ ಡ್ಯಾನ್‌ವಿಲ್ ಊರಿನ ಬಳಿ, ತಡವಾದ ವೇಳೆಯನ್ನು ಸರಿದೂಗಿಸಲು ಧಾವಿಸುತ್ತಿದ್ದ 97ನೇ ನಂಬರಿನ ಅಂಚೆ ರೈಲು ಸೇತುವೆಯಿಂದ ಕೆಳಗುರುಳಿತು. 11 ಮಂದಿ ಸತ್ತರು. ಸುತ್ತಮುತ್ತಲ ಜನ ಅದರ ಮೇಲೆ ಹಾಡು ಕಟ್ಟಿದರು. ರಾಗವನ್ನು ಹೆನ್ರಿ ಕ್ಲೇ ವರ್ಕ್ ಎಂಬಾತ 1865ರಲ್ಲಿ ಪ್ರಕಟಿಸಿದ್ದ, ಮರಳಿ ಬಾರದ ಹಡಗಿನ ಹಾಡಿನಿಂದ ಎರವಲು ತಂದರು. 1924ರಲ್ಲಿ ವರ್ನನ್ ಡಾಲ್‌ಹಾರ್ಟ್ ವಿಕ್ಟರ್ ಕಂಪೆನಿಗೆ ಹಾಡಿದ ಆ ಪ್ಲೇಟು ಹತ್ತು ಲಕ್ಷಕ್ಕೂ ಮೀರಿ ಮಾರಾಟವಾಯಿತು.

ಆಮೇಲೆ ಡೇವಿಡ್ ಗ್ರೇವ್ಸ್ ಜಾರ್ಜ್ ಎಂಬಾತ ಹಾಡು ತನ್ನದೆಂದು ದಾವೆ ಹೂಡಿದ. 1933ರಲ್ಲಿ ಕೆಳಗಿನ ನ್ಯಾಯಾಲಯ ಅವನ ಪರ ತೀರ್ಪಿತ್ತಿತು. ಮೇಲ್ಮನವಿಯ ನ್ಯಾಯಾಲಯ ಒಪ್ಪಲಿಲ್ಲ. ಬೇರೆ ಇಬ್ಬರು ಹಾಡುಗಾರರ ಹೆಸರುಗಳು ಬಂದವು, ಜಾನಪದ ವಿದ್ವಾಂಸರು ಸಾಕ್ಷಿ ಕಟ್ಟೆ ಹತ್ತಿದರು, ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ವರ್ಷಗಟ್ಟಲೆ ಓಡಾಡಿದ ಜಾರ್ಜ್‌ಗೆ ಕೊನೆಗೆ ಒಂದು ಕಾಸೂ ದಕ್ಕಲಿಲ್ಲ. ಒಬ್ಬರು ನಾಲ್ಕು ಸಾಲು ಸೇರಿಸಿ, ಇನ್ನೊಬ್ಬರು ಎರಡು ಬಿಟ್ಟು, ಮತ್ತೊಬ್ಬರು ಊರಿನ ಹೆಸರು ಬದಲಿಸಿ ಬೆಳೆಸಿದ ಹಾಡಿಗೆ ಕರ್ತೃ ಯಾರೆಂದು ಯಾವ ನ್ಯಾಯಾಧೀಶರು ತಾನೆ ಹೇಳಿಯಾರು?

ನಮ್ಮ ಕೀರ್ತನೆಗಳ ಕೊನೆಯಲ್ಲಿ ಅಂಕಿತವಿರುತ್ತದೆ. ಹಾಡಿದವರು ಯಾರೇ ಇರಲಿ, ಕಟ್ಟಿದವರು ಯಾರೆಂಬುದನ್ನು ಹಾಡೇ ಹೊತ್ತು ತರುತ್ತದೆ. ಬೆಟ್ಟದ ಹಾಡುಗಳಿಗೆ ಅದಿರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ಎಲ್ಲರೂ ಹಾಡುತ್ತಿದ್ದಾಗ ಅದರಿಂದ ಯಾರಿಗೂ ನಷ್ಟವಿರಲಿಲ್ಲ. ಹಾಡು ಕಾಸಾದ ದಿನ ಅಂಕಿತದ ಜಾಗ ಖಾಲಿ ಇತ್ತು. ಕಾಗದ ಪತ್ರ ಬಲ್ಲವರ ಹೆಸರು ಅಲ್ಲಿ ಬಂದು ಕುಳಿತಿತು.

ಹಾಡುಗಳು ಮಾತ್ರ ಕಾಗದವನ್ನು ಕಾಯದೆ ಮುಂದೆ ನಡೆದವು. 1930ರಲ್ಲಿ ಕಾರ್ಟರ್ ಕುಟುಂಬ ಹಾಡಿದ ಭಕ್ತಿಗೀತೆಯೊಂದರ ಧಾಟಿಯನ್ನು ಹೋಲುವ ರಾಗಕ್ಕೆ ವುಡಿ ಗಥ್ರಿ 1940ರಲ್ಲಿ ಹೊಸ ಮಾತು ಬರೆದ. ಅದೇ ಇಂದು ಅಮೆರಿಕದ ಶಾಲಾಮಕ್ಕಳೆಲ್ಲ ಹಾಡುವ 'ದಿಸ್ ಲ್ಯಾಂಡ್ ಈಸ್ ಯುವರ್ ಲ್ಯಾಂಡ್'.

ಲೆಸ್ಲಿ ರಿಡಲ್ ಊರು ಬಿಟ್ಟು ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ಸೇರಿದ. ಸಂಗೀತವನ್ನೂ ಬಿಟ್ಟ. 1965ರಲ್ಲಿ ಸಂಗೀತಗಾರ ಮೈಕ್ ಸೀಗರ್, ಮೇಬೆಲ್‌ಳ ಬಾಯಿಂದ ಅವನ ಹೆಸರು ಕೇಳಿ, ಅವನನ್ನು ಹುಡುಕಿಕೊಂಡು ಹೋಗಿ ಮತ್ತೆ ಗಿಟಾರು ಹಿಡಿಸಿ, ಹಾಡುಗಳನ್ನು ಮುದ್ರಿಸಿಕೊಂಡ. ರಿಡಲ್ ತೀರಿಕೊಂಡ ಮೇಲೆ, 1993ರಲ್ಲಿ, ಅವನದೇ ಹೆಸರಿನ ಮುದ್ರಿಕೆ ಹೊರಬಂತು. ಇತ್ತ 2018ರ ಅಮೆರಿಕದ ಕಾನೂನಿನಂತೆ, ಬ್ರಿಸ್ಟಲ್ಲಿನಲ್ಲಿ ಧ್ವನಿಮುದ್ರಿಸಿ 1927ರಲ್ಲೇ ಬಿಡುಗಡೆ ಮಾಡಿದ ಪ್ಲೇಟುಗಳು ನೂರು ವರ್ಷ ತುಂಬಿ 2028ರ ಜನವರಿ 1ರಂದು ಸಾರ್ವಜನಿಕ ಸ್ವತ್ತಾಗಲಿವೆ. ಆ ದಿನದಿಂದ ಅವನ್ನು ಯಾರು ಬೇಕಾದರೂ ಕೇಳಿಸಬಹುದು, ಹಂಚಬಹುದು. 1927ಕ್ಕೆ ಮುಂಚೆ ಕ್ಲಿಂಚ್ ಬೆಟ್ಟದ ತಪ್ಪಲಿನಲ್ಲಿ ಈ ಹಾಡುಗಳ ಸ್ಥಿತಿಯೂ ಹಾಗೆಯೇ ಇತ್ತು.