ಕಣಕ್ಕಿಳಿದ ಹಮೀದಾ ಬಾನು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕಡೆ ಜಾತ್ರೆ, ಉರೂಸುಗಳೆಂದರೆ ಕುಸ್ತಿ ನೆನಪಾಗುತ್ತದೆ. ಹಲಗೆಯ ಸದ್ದು ಕೇಳಿದರೆ ಊರೇ ಕಣದ ಸುತ್ತ ನೆರೆಯುತ್ತದೆ. ಗರಡಿಯನ್ನು ಇಲ್ಲಿ ತಾಲೀಮು ಎನ್ನುತ್ತಾರೆ, ಕಲಿಸುವ ಗುರುವನ್ನು ವಸ್ತಾದ ಎನ್ನುತ್ತಾರೆ. ಕೆಂಪು ಮಣ್ಣಿನಲ್ಲಿ ಜಾತಿ, ಮತ ಕೇಳುವವರಿಲ್ಲ ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆದರೆ ಅದೇ ಮಣ್ಣು ಹೆಣ್ಣುಮಕ್ಕಳನ್ನು ಬಹುಕಾಲ ದೂರವೇ ಇಟ್ಟಿತು ಎಂಬುದನ್ನು ಹೇಳಲು ಮರೆಯುತ್ತೇವೆ.

ಈ ಸೀಮೆಯ ಕುಸ್ತಿಗೆ ಕೊಲ್ಲಾಪುರವೇ ದೊಡ್ಡ ಮನೆ. ನಿಪ್ಪಾಣಿಯಿಂದ ಅದು ಸುಮಾರು 40 ಕಿ.ಮೀ. ದೂರ. ರಾಯಬಾಗವಂತೂ ಕೊಲ್ಲಾಪುರ ಸಂಸ್ಥಾನಕ್ಕೇ ಸೇರಿತ್ತು. ಶಾಹು ಮಹಾರಾಜರು ಕಟ್ಟಿಸಿದ ಖಾಸಬಾಗ ಮೈದಾನ 1912ರಲ್ಲಿ ಸಿದ್ಧವಾಯಿತು. 1956ರ ನವೆಂಬರ್ 1ರವರೆಗೆ ಬೆಳಗಾವಿ ಜಿಲ್ಲೆಯೂ ಮುಂಬಯಿ ರಾಜ್ಯದಲ್ಲೇ ಇತ್ತು. ಆ ಕೊಲ್ಲಾಪುರದಲ್ಲಿ ಒಬ್ಬ ಮಹಿಳೆ ಗೆದ್ದು ಕಲ್ಲೇಟು ತಿಂದ ಕಥೆ ನಮ್ಮ ನೆರೆಮನೆಯ ಕಥೆಯೇ ಆಗಿದೆ.

ಆಕೆ ಹಮೀದಾ ಬಾನು. ಹುಟ್ಟಿದ್ದು ಉತ್ತರ ಪ್ರದೇಶದ ಮಿರ್ಜಾಪುರದಲ್ಲಿ. ಅಲಿಗಢದ ಸಲಾಂ ಪೈಲ್ವಾನರ ಬಳಿ ತಾಲೀಮು ಮಾಡಿದರು. ಎತ್ತರ 5 ಅಡಿ 3 ಅಂಗುಲ, ತೂಕ 108 ಕೆ.ಜಿ. ಆಗ ಮಹಿಳೆಯರಿಗಾಗಿ ವ್ಯವಸ್ಥಿತ ಕುಸ್ತಿ ಪಂದ್ಯಗಳೇ ಇರಲಿಲ್ಲ. ಹಾಗಾಗಿ ಗಂಡಸರಿಗೇ ಸವಾಲು ಹಾಕಿದರು. 1954ರಲ್ಲಿ 'ನನ್ನನ್ನು ಸೋಲಿಸಿದವನನ್ನು ಮದುವೆಯಾಗುತ್ತೇನೆ' ಎಂದು ಸಾರಿದರು. ಅದೇ ವರ್ಷ ಮೇ ತಿಂಗಳಲ್ಲಿ ಬರೋಡಾದಲ್ಲಿ ಬಾಬಾ ಪೈಲ್ವಾನರನ್ನು ಕೇವಲ 1 ನಿಮಿಷ 34 ಸೆಕೆಂಡುಗಳಲ್ಲಿ ಚಿತ್ ಮಾಡಿದರು. ಮುಂಬಯಿಯಲ್ಲಿ ರಷ್ಯಾದ ವೆರಾ ಚಿಸ್ತಿಲಿನ್ ಒಂದು ನಿಮಿಷವೂ ನಿಲ್ಲಲಿಲ್ಲ.

ಪತ್ರಿಕೆಗಳು ಅವರ ಊಟದ ಪಟ್ಟಿಯನ್ನು ರಸವತ್ತಾಗಿ ಬರೆದವು: ದಿನಕ್ಕೆ ಐದೂವರೆ ಲೀಟರಿಗೂ ಹೆಚ್ಚು ಹಾಲು, ಒಂದು ಕೋಳಿ, ಆರು ಮೊಟ್ಟೆ, ಎರಡು ತಟ್ಟೆ ಬಿರಿಯಾನಿ! ಆದರೆ ದಿನಕ್ಕೆ ಆರು ಗಂಟೆಗಳ ಅಭ್ಯಾಸದ ಬಗ್ಗೆ ಅಷ್ಟೇ ಬೆರಗು ಯಾರಿಗಿತ್ತು?

ಕೊಲ್ಲಾಪುರದಲ್ಲಿ ಶೋಭಾ ಸಿಂಗ್ ಪಂಜಾಬಿಯನ್ನು ಸೋಲಿಸಿದಾಗ ಜನ ಅಣಕಿಸಿದರು, ಕಲ್ಲು ತೂರಿದರು, ಪಂದ್ಯವೇ ಸುಳ್ಳು ಎಂದರು. ಕೊನೆಗೆ ಪೊಲೀಸರು ಬರಬೇಕಾಯಿತು. ಪುಣೆಯಲ್ಲಿ ರಾಮಚಂದ್ರ ಸಾಳುಂಕೆ ಜೊತೆಗಿನ ಕುಸ್ತಿ ಕುಸ್ತಿ ಸಂಘದ ವಿರೋಧದಿಂದ ರದ್ದಾಯಿತು. ಹಮೀದಾ ಮುಖ್ಯಮಂತ್ರಿ ಮೊರಾರ್ಜಿ ದೇಸಾಯಿಯವರಿಗೆ ದೂರಿಕೊಂಡರು. ಹೆಣ್ಣೆಂಬ ಕಾರಣಕ್ಕೆ ತಡೆದಿಲ್ಲ, ಸಂಘಟಕರು ನಕಲಿ ಎದುರಾಳಿಗಳನ್ನು ನಿಲ್ಲಿಸುತ್ತಿದ್ದಾರೆಂಬ ದೂರುಗಳಿವೆ ಎಂಬ ಉತ್ತರ ಬಂತು.

ಹಣಕ್ಕಾಗಿ ನಡೆಯುವ ಕುಸ್ತಿಯಲ್ಲಿ ಮೋಸ ಇರಲಾರದು ಎಂದು ನಾವು ಹೇಳುವುದಿಲ್ಲ. ಆದರೆ ಸಂಘಟಕರು ತಪ್ಪು ಮಾಡಿದ್ದರೆ ಶಿಕ್ಷೆ ಪೈಲ್ವಾನಳಿಗೇಕೆ? ಆಕೆ ಸೋತಿದ್ದರೆ ಯಾರಾದರೂ ಅನುಮಾನ ಪಡುತ್ತಿದ್ದರೇ? ಹೆಣ್ಣಿನ ಸೋಲು ಸಹಜ, ಗೆಲುವು ಮಾತ್ರ ಸಂಶಯಾಸ್ಪದ ಎಂಬುದು ಎಂಥ ನ್ಯಾಯ?

ಯುರೋಪಿಗೆ ಹೋಗಿ ಸೆಣಸುವ ಆಸೆ ಹಮೀದಾರಿಗಿತ್ತು. ಅದನ್ನು ತಡೆಯಲು ಸಲಾಂ ಪೈಲ್ವಾನರೇ ಹೊಡೆದು ಕೈ ಮುರಿದರೆಂದು ಕುಟುಂಬದವರು ನಂತರ ಹೇಳಿದ್ದಾರೆ. ಕಣದಲ್ಲಿ ಗಂಡಸರನ್ನು ಕೆಡವಿದಾಕೆಗೆ ಮನೆಯೊಳಗೆ ರಕ್ಷಣೆ ಸಿಗಲಿಲ್ಲ. ಮುಂದೆ ಕಲ್ಯಾಣದಲ್ಲಿ ಹಾಲು ಮಾರಿ ಬದುಕಿದರು. 1986ರಲ್ಲಿ ತೀರಿಕೊಂಡರು. ಮರುವರ್ಷ, 1987ರಲ್ಲಿ, ಮಹಿಳೆಯರ ಮೊದಲ ವಿಶ್ವ ಕುಸ್ತಿ ಚಾಂಪಿಯನ್‌ಷಿಪ್ ನಾರ್ವೆಯಲ್ಲಿ ನಡೆಯಿತು. 2004ರಲ್ಲಿ ಒಲಿಂಪಿಕ್ಸ್ ಬಾಗಿಲು ತೆರೆಯಿತು. 2016ರಲ್ಲಿ ಸಾಕ್ಷಿ ಮಲಿಕ್ ಕಂಚು ತಂದರು.

ಉತ್ತರ ಕರ್ನಾಟಕದ ಹುಡುಗಿಯರೂ ಇಂದು ಕುಸ್ತಿಯಲ್ಲಿ ಪದಕ ತರುತ್ತಿದ್ದಾರೆ. ನಮ್ಮ ಜಾತ್ರೆ, ಉರೂಸಿನ ಕಮಿಟಿಗಳು ಹೆಣ್ಣುಮಕ್ಕಳ ಜೋಡಿಗಳನ್ನೂ ಕಟ್ಟಲಿ, ಇನಾಮನ್ನು ಗಂಡುಮಕ್ಕಳಷ್ಟೇ ಇಡಲಿ. ಗೆದ್ದ ಹುಡುಗಿಗೆ ಊರು ಮನಸಾರೆ ಚಪ್ಪಾಳೆ ತಟ್ಟಲಿ. ಅಂದು ಕಲ್ಲು ಎತ್ತಿಕೊಂಡ ಕೈಗಳ ಪರವಾಗಿ ನಾವು ಮಾಡಬಹುದಾದ ಪ್ರಾಯಶ್ಚಿತ್ತ ಅದೇ.