ಹನ್ನೊಂದು ತಿಂಗಳೂ ತುಂಬದ ಪ್ರಧಾನಿಯ ಚರಿತ್ರೆ

ಚನ್ನರಾಯಪಟ್ಟಣದ ನಮ್ಮ ಬೀದಿಯ ಕಾಲೇಜು ಹುಡುಗನೊಬ್ಬ ಮೊನ್ನೆ ಕೇಳಿದ: "ಸಾರ್, ದೇವೇಗೌಡರ ಬಗ್ಗೆ ಓದಬೇಕು, ಯಾವ ಪುಸ್ತಕ ತಗೊಳ್ಳಲಿ?" ಪಕ್ಕದಲ್ಲಿದ್ದವರು ನಕ್ಕರು. "ಸಭೇಲಿ ನಿದ್ದೆ ಮಾಡಿದವರ ಚರಿತ್ರೆ ಯಾಕಪ್ಪಾ?" ಹೊಳೆನರಸೀಪುರ ನಮಗೆ ಪಕ್ಕದ ತಾಲ್ಲೂಕು. ಆದರೂ ನಮ್ಮವರ ನೆನಪಿನಲ್ಲಿ ಉಳಿದಿರುವುದು ದೆಹಲಿಯವರು ಬಿಡಿಸಿದ ಆ ವ್ಯಂಗ್ಯಚಿತ್ರವೇ.

ದಾಖಲೆ ಬೇರೆ ಮಾತಾಡುತ್ತದೆ. 1933ರಲ್ಲಿ ಹರದನಹಳ್ಳಿಯಲ್ಲಿ ಹುಟ್ಟಿ, ಹಾಸನದಲ್ಲಿ ಸಿವಿಲ್ ಡಿಪ್ಲೊಮಾ ಓದಿ, 1962ರಲ್ಲಿ ಪಕ್ಷೇತರರಾಗಿ ವಿಧಾನಸಭೆಗೆ ಗೆದ್ದ ಈ ರೈತನ ಮಗ 1996ರ ಜೂನ್ 1ರಿಂದ 1997ರ ಏಪ್ರಿಲ್ 21ರವರೆಗೆ ಪ್ರಧಾನಿಯಾಗಿದ್ದರು. ಕಾಂಗ್ರೆಸ್ ಬೆಂಬಲ ಹಿಂತೆಗೆದುಕೊಂಡಿತು, ಸರ್ಕಾರ ಬಿತ್ತು. ಅಷ್ಟರೊಳಗೆ ಬಾಂಗ್ಲಾದೇಶದೊಡನೆ 30 ವರ್ಷಗಳ ಗಂಗಾ ನೀರಿನ ಒಪ್ಪಂದವಾಗಿತ್ತು. ಮಹಿಳಾ ಮೀಸಲಾತಿ ಮಸೂದೆ ಮೊದಲ ಸಲ ಲೋಕಸಭೆಗೆ ಬಂದಿತ್ತು. ಜಮ್ಮು ಕಾಶ್ಮೀರದಲ್ಲಿ 1987ರ ನಂತರ ಮೊದಲ ಬಾರಿಗೆ ವಿಧಾನಸಭಾ ಚುನಾವಣೆ ನಡೆದಿತ್ತು.

ಅದಕ್ಕೂ ಮುಂಚೆ, ಅವರು ಮುಖ್ಯಮಂತ್ರಿಯಾಗಿದ್ದ 1995ರಲ್ಲಿ, ಮುಸ್ಲಿಮರಿಗೆ 2ಬಿ ಪ್ರವರ್ಗದಲ್ಲಿ ಶೇ. 4 ಮೀಸಲಾತಿ ಜಾರಿಗೆ ಬಂತು. ನನ್ನ ಅಕ್ಕನ ಮಗಳು ಟೀಚರ್ ಆದದ್ದು ಅದರಿಂದಲೇ. 2023ರ ಮಾರ್ಚ್‌ನಲ್ಲಿ ಆಗಿನ ಬಿಜೆಪಿ ಸರ್ಕಾರ ಅದನ್ನು ರದ್ದು ಮಾಡಲು ಹೊರಟಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಗೌಡರ ಪಕ್ಷ ಬಿಜೆಪಿಯ ಜೊತೆಗೇ ಮೈತ್ರಿ ಮಾಡಿಕೊಂಡಿತು. ಹಾಗಾದರೆ ನಮಗೆ ಬೇಕಾದದ್ದು ಋಣದ ಚರಿತ್ರೆಯೋ, ನೋವಿನ ಚರಿತ್ರೆಯೋ?

ಉರ್ದುವಿನಲ್ಲಿ ಈ ಪ್ರಶ್ನೆ ಹಳೆಯದು. ಹಾಲಿ ಅವರು 1901ರಲ್ಲಿ ಸರ್ ಸಯ್ಯದರ ಜೀವನಚರಿತ್ರೆ 'ಹಯಾತೆ ಜಾವೇದ್' ಪ್ರಕಟಿಸಿದಾಗ ಶಿಬ್ಲಿ ಅದನ್ನು ಏಕಪಕ್ಷೀಯ ಹೊಗಳಿಕೆಯೆಂದು ಟೀಕಿಸಿದರು. ಹೊಗಳಿಕೆಯಷ್ಟೇ ತೆಗಳಿಕೆಯೂ ಮೋಸ ಮಾಡುತ್ತದೆ. ಅಮೆರಿಕದ ಯುಲಿಸಿಸ್ ಗ್ರಾಂಟ್ ಬಹುಕಾಲ ಕೆಟ್ಟ ಅಧ್ಯಕ್ಷರ ಪಟ್ಟಿಯಲ್ಲಿದ್ದರು. ಅವರ ಆಡಳಿತದಲ್ಲಿ ಹಗರಣಗಳಿದ್ದದ್ದು ನಿಜ. ಆದರೆ ಕರಿಯರ ಮೇಲೆ ದಾಳಿ ಮಾಡುತ್ತಿದ್ದ ಕು ಕ್ಲಕ್ಸ್ ಕ್ಲಾನನ್ನು 1871ರಲ್ಲಿ ಕಾನೂನಿನಿಂದ ಹತ್ತಿಕ್ಕಿದವರೂ ಅವರೇ. ಕರಿಯರ ಕಡೆಯಿಂದ ನೋಡಿದಾಗ ಪಟ್ಟಿಯೇ ಬದಲಾಯಿತು.

ಹುಡುಗನಿಗೆ ಸುಗತ ಶ್ರೀನಿವಾಸರಾಜು ಅವರು ಇಂಗ್ಲಿಷಿನಲ್ಲಿ ಬರೆದ, 2021ರಲ್ಲಿ ಬಂದ 'ಫರೋಸ್ ಇನ್ ಎ ಫೀಲ್ಡ್' ಹೇಳಿದೆ. ಅದು ಸಹಾನುಭೂತಿಯಿಂದ ಬರೆದ ಪುಸ್ತಕ, ಹಾಗೆಂದು ತಿಳಿದೇ ಓದಬೇಕು. 2023 ಅದರಲ್ಲಿಲ್ಲ. "ಓದಿ ಮುಗಿಸಿದ ಮೇಲೆ ಆ ಅಧ್ಯಾಯ ನೀನೇ ಬರಿ" ಎಂದೆ. "ಆದರೆ ಹಿಂದಿನ ಪುಟಗಳನ್ನು ಹರಿಯಬೇಡ."